ಹೊಳೆಯನ್ನು ಹೊಗೆ ಮಾಡುವ ಕಪ್ಪು ಗಾಜು

ಈಚೆಗೆ ನಮ್ಮ ಸೀಮೆಯ ಹೊಳೆ, ಹಳ್ಳ, ಬೆಟ್ಟಗಳ ಫೋಟೊ ಎಲ್ಲಿ ನೋಡಿದರೂ ಒಂದೇ ತರ ಕಾಣ್ತವೆ. ನೀರು ಹಿಂಜಿದ ಹತ್ತಿಯಂತಿರುತ್ತೆ. ಮೋಡ ಎಳೆದು ಕಟ್ಟಿದ ಪಂಚೆಯಂತಿರುತ್ತೆ. ಒಬ್ಬ ಮನುಷ್ಯನಿಲ್ಲ, ಒಂದು ದನ ಇಲ್ಲ, ಒಂದು ಹಕ್ಕಿ ಇಲ್ಲ. ಕ್ಯಾಲೆಂಡರಿನಲ್ಲಿ ಇದೇ, ಹೋಟೆಲ್ ಗೋಡೆಯಲ್ಲಿ ಇದೇ, ಹುಡುಗರು ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳೋದೂ ಇದೇ. ನೋಡಿದವರು "ಆಹಾ, ಎಷ್ಟು ಪ್ರಶಾಂತ" ಅಂತಾರೆ. ನನಗೆ ಮಾತ್ರ ಜಾತ್ರೆ ಮುಗಿದ ಮಾರನೇ ದಿನದ ಮೈದಾನ ನೋಡಿದಂಗೆ ಬಿಕೋ ಅನ್ಸುತ್ತೆ.

ಇದು ಮಾಯವೂ ಅಲ್ಲ ಮಂತ್ರವೂ ಅಲ್ಲ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಒಂದು ಕಪ್ಪು ಗಾಜಿನ ಕೆಲಸ. ಅದರ ಪೂರಾ ಹೆಸರು ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್, ಫೋಟೊ ಹುಡುಗರು ಎನ್.ಡಿ. ಅಂತಾರೆ. ಏಳನೇ ಕ್ಲಾಸು ಓದಿ ಹೊಲ ಉಳುವವನಿಗೆ, ಮಾದಪ್ಪನ ಪದ ಹಾಡುವವನಿಗೆ ಕ್ಯಾಮೆರಾ ವಿಚಾರ ಯಾಕೆ ಅಂತ ಕೇಳಬೇಡಿ. 30 ವರ್ಷದಿಂದ ಕಂಸಾಳೆ ಹಿಡಿದು ಕ್ಯಾಮೆರಾದ ಮುಂದೆ ನಿಂತಿದ್ದೇನೆ. ಬಂದವರನ್ನೆಲ್ಲ ಕೇಳಿ ಕೇಳಿ, ಅವರ ಗಾಜು ಕೈಯಲ್ಲಿ ಹಿಡಿದು ನೋಡಿ ತಿಳಿದುಕೊಂಡಿದ್ದೇನೆ. ಗೊತ್ತಿಲ್ಲದ್ದನ್ನು ಬೈಯಬಾರದು. ಹಾಗಾಗಿ ಮೊದಲು ಅದರ ಕೆಲಸ ಹೇಳಿಬಿಡ್ತೀನಿ, ಆಮೇಲೆ ಜಗಳ.

ಕ್ಯಾಮೆರಾಗೆ ಬೆಳಕು ಅಂದರೆ ಗದ್ದೆಗೆ ನೀರು ಇದ್ದ ಹಾಗೆ. ಒಂದು ಪಾತಿ ತುಂಬಲು ಇಷ್ಟು ನೀರು ಅಂತ ಲೆಕ್ಕ ಇದೆ. ತೂಬು ದೊಡ್ಡದಿದ್ದರೆ ಬೇಗ ಮುಚ್ಚಬೇಕು, ಚಿಕ್ಕದಿದ್ದರೆ ಹೆಚ್ಚು ಹೊತ್ತು ಬಿಡಬೇಕು. ಮುಚ್ಚದೆ ಹೋದರೆ ಪಾತಿ ಒಡೆದುಹೋಗುತ್ತೆ, ಅಂದರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಲೆನ್ಸಿನ ಕಿಂಡಿಯನ್ನು 16ನೇ ನಂಬರಿಗೆ ಚಿಕ್ಕದು ಮಾಡಿ, ಐ.ಎಸ್.ಓ. 100 ಇಟ್ಟರೂ, ಶಟರ್ 1/100 ಸೆಕೆಂಡು ತೆರೆದರೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಡಬೇಕು ಅಂದರೆ ಬರುವ ಬೆಳಕನ್ನೇ ಕಡಿಮೆ ಮಾಡಬೇಕು. ಆ ಕೆಲಸ ಈ ಕಪ್ಪು ಗಾಜಿನದು.

ಎನ್.ಡಿ. 2 ಅಂದರೆ ಬೆಳಕು ಅರ್ಧಕ್ಕೆ ಇಳಿಯುತ್ತೆ. ಎನ್.ಡಿ. 8 ಅಂದರೆ ಎಂಟರಲ್ಲಿ ಒಂದು ಪಾಲು, 64 ಅಂದರೆ ಅರವತ್ತನಾಲ್ಕರಲ್ಲಿ ಒಂದು ಪಾಲು. 1000 ಅಂದರೆ ಹೆಚ್ಚು ಕಡಿಮೆ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಹೋಗುತ್ತೆ. 1/100 ಸೆಕೆಂಡಿನ ಚಿತ್ರಕ್ಕೆ ಆಗ 10 ಸೆಕೆಂಡು ಬೇಕಾಗುತ್ತೆ. ಕ್ಯಾಮೆರಾ ಅಲ್ಲಾಡದಂತೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಅಷ್ಟು ಕಪ್ಪು ಗಾಜಿನೊಳಗೆ ಏನೂ ಸರಿಯಾಗಿ ಕಾಣದಾದ್ದರಿಂದ ಗುರಿಯನ್ನು ಮೊದಲೇ ಹಿಡಿದುಕೊಂಡು ಆಮೇಲೆ ಗಾಜು ಹಾಕಬೇಕು. ನ್ಯೂಟ್ರಲ್ ಅಂದರೆ ಯಾವ ಬಣ್ಣದ ಪಕ್ಷವನ್ನೂ ಹಿಡಿಯದೆ, ಕೆಂಪು ಹಸಿರು ನೀಲಿ ಎಲ್ಲವನ್ನೂ ಒಂದೇ ಸಮ ಕಡಿಮೆ ಮಾಡೋದು. ಅಗ್ಗದ ಗಾಜು ಅದನ್ನೂ ಮಾಡಲ್ಲ, ಚಿತ್ರಕ್ಕೆಲ್ಲ ಕಂದು ಬಣ್ಣ ಬಳಿದುಬಿಡುತ್ತೆ.

ಬಣ್ಣದಲ್ಲಿ ಪಕ್ಷಪಾತ ಇಲ್ಲ, ಸರಿ. ಆದರೆ ಹತ್ತು ಸೆಕೆಂಡು ಶಟರ್ ತೆರೆದಿಟ್ಟರೆ ಏನಾಗುತ್ತೆ ನೋಡಿ. ಆ ಹತ್ತು ಸೆಕೆಂಡಿನಲ್ಲಿ ಬಿದ್ದ ನೀರೆಲ್ಲ ಒಂದರ ಮೇಲೊಂದು ಕೂತು ಬೆಳ್ಳನೆ ಪರದೆಯಾಗುತ್ತೆ. ಮುಂದೆ ನಡೆದುಹೋದ ಮನುಷ್ಯ ಒಂದು ಜಾಗದಲ್ಲಿ ಅರೆ ಸೆಕೆಂಡೂ ಇರಲ್ಲ, ಅವನ ಹಿಂದಿನ ಬಂಡೆ ಮಿಕ್ಕ ಹೊತ್ತೆಲ್ಲ ಅಲ್ಲೇ ಇರುತ್ತೆ. ಚಿತ್ರದಲ್ಲಿ ಬಂಡೆ ಉಳಿಯುತ್ತೆ, ಮನುಷ್ಯ ಅಳಿಸಿಹೋಗ್ತಾನೆ. ಕೆಲಸವಿಲ್ಲದೆ ಕೂತವನು ಉಳೀತಾನೆ, ಕೆಲಸ ಮಾಡೋನು ಹೋಗ್ತಾನೆ. ನನ್ನ ಜಗಳ ಇಲ್ಲಿಂದ ಶುರು.

ಇದು ಹೊಸ ವಿಚಾರವೂ ಅಲ್ಲ. ಫೋಟೊ ಹುಟ್ಟಿದ ಕಾಲದ ಒಂದು ಹೆಸರಾಂತ ಚಿತ್ರ ಇದೆ, ಮೇಷ್ಟ್ರುಗಳಿಗೆ ಗೊತ್ತಿರಬಹುದು. ಫ್ರಾನ್ಸ್ ದೇಶದ ಡಾಗೆರ್ ಅನ್ನೋರು 1838ರಲ್ಲಿ ಪ್ಯಾರಿಸ್ ಪಟ್ಟಣದ ಒಂದು ದೊಡ್ಡ ಬೀದಿಯನ್ನು ಮೇಲಿನ ಕಿಟಕಿಯಿಂದ ತೆಗೆದರು. ಬೀದಿ ತುಂಬ ಗಾಡಿ, ಕುದುರೆ, ಜನ ಓಡಾಡ್ತಿದ್ದರು. ಆದರೆ ಆಗಿನ ತಗಡಿಗೆ ಚಿತ್ರ ಹಿಡಿಯಲು ನಿಮಿಷಗಟ್ಟಲೆ ಬೇಕಿತ್ತು. ಚಿತ್ರದಲ್ಲಿ ಬೀದಿ ಖಾಲಿ. ಮೂಲೆಯಲ್ಲಿ ಒಬ್ಬ ಮಾತ್ರ ಚೆನ್ನಾಗಿ ಕಾಣ್ತಾನೆ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಒಂದು ಕಾಲು ಎತ್ತಿಟ್ಟು ನಿಂತವನು. ಅವನ ಬೂಟು ಉಜ್ಜಿದವನು ಅರೆಬರೆ ಮಸುಕು.

ಡಾಗೆರ್‌ರನ್ನು ನಾನು ಬೈಯಲ್ಲ. ಅವರ ಯಂತ್ರದ ಕೈಲಿ ಅಷ್ಟೇ ಆಗ್ತಿದ್ದದ್ದು. ಆಮೇಲೆ ಬಂದವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಸಾವಿರದಲ್ಲಿ ಒಂದು ಸೆಕೆಂಡು, ನಾಲ್ಕು ಸಾವಿರದಲ್ಲಿ ಒಂದು ಸೆಕೆಂಡು ಹಿಡಿಯುವ ಕ್ಯಾಮೆರಾ ಮಾಡಿದರು. ಓಡೋ ಕುದುರೆ, ಹಾರೋ ಹಕ್ಕಿ, ಕಳೆ ಕೀಳೋ ಹೆಂಗಸಿನ ಕೈ ಎಲ್ಲವೂ ಚಿತ್ರದೊಳಗೆ ಬಂದವು. ಈಗ ನಾವು ದುಡ್ಡು ಕೊಟ್ಟು ಗಾಜು ತಂದು ಲೆನ್ಸಿಗೆ ಹಾಕಿ, ಅದೇ ಹಳೇ ಖಾಲಿ ಬೀದಿಗೆ ವಾಪಸ್ಸು ಹೋಗ್ತಾ ಇದೀವಿ. ಅವರಿಗೆ ಗತಿಯಿಲ್ಲದೆ ಆದದ್ದು ನಮಗೆ ಶೋಕಿಯಾಗಿದೆ.

ನಮ್ಮ ಕಡೆಯ ಉದಾಹರಣೆ ನೋಡಿ. ಮಾದಪ್ಪನ ಬೆಟ್ಟಕ್ಕೆ ಹೋದವರು ಎಷ್ಟೋ ಜನ ಪಾಲಾರ್ ದಾಟಿ ಹೊಗೇನಕಲ್ ನೋಡಿಕೊಂಡು ಬರ್ತಾರೆ. ಅಲ್ಲಿ ಕಾವೇರಿ ಬೀಳೋದು ಎಷ್ಟು ಚೆಂದವೋ, ಅಲ್ಲಿನ ಜನ ಬದುಕೋದೂ ಅಷ್ಟೇ ನೋಡುವಂಥದು. ಹರಿಗೋಲು ತಿರುಗಿಸಿಕೊಂಡು ಸುಳಿಯ ಅಂಚಿನಲ್ಲಿ ಹುಟ್ಟು ಹಾಕೋರು, ಎಣ್ಣೆ ತಿಕ್ಕೋರು, ಮೀನು ಹುರಿದು ಮಾರೋ ಹೆಂಗಸರು, ತಲೆ ಮೇಲೆ ಹರಿಗೋಲು ಮಗುಚಿಕೊಂಡು ಬಂಡೆ ಹತ್ತೋರು. ಅಲ್ಲಿ ಎನ್.ಡಿ. 1000 ಹಾಕಿ ಕೂತರೆ ಇಷ್ಟೂ ಜನ ಮಂಗಮಾಯ. ಉಳಿಯೋದು ಬಂಡೆ, ಬಿಳೀ ಪರದೆ. ಹರಿಗೋಲು ಇದ್ದ ಜಾಗದಲ್ಲಿ ಒಂದು ಕರೀ ಗೀರು. ಆ ಚಿತ್ರಕ್ಕೆ "ಹೊಗೇನಕಲ್ ಸೊಬಗು" ಅಂತ ಹೆಸರು ಬರೀತಾರೆ. ಆ ಹೊಳೆಯಲ್ಲಿ ಅನ್ನ ತಿನ್ನೋರಿಗೆ ಆ ಸೊಬಗಿನಲ್ಲಿ ಜಾಗವೇ ಇಲ್ಲ.

ಗುಮಟಾಪುರದ ಗೊರೆಹಬ್ಬಕ್ಕೆ ಬನ್ನಿ. ದೀಪಾವಳಿ ಮುಗಿದ ಮೇಲೆ ಬೀರೇಶ್ವರನ ಗುಡಿ ಹತ್ತಿರ ಸಗಣಿ ರಾಶಿ ಹಾಕಿ, ಪೂಜೆ ಮಾಡಿ, ಗಂಡಸರು ಮಕ್ಕಳೆಲ್ಲ ಉಂಡೆ ಕಟ್ಟಿ ಹೊಡೆದಾಡೋದು. ನಮ್ಮ ತಾಳವಾಡಿ ಸೀಮೆಗೆ ದೂರದೂರದ ಕ್ಯಾಮೆರಾದವರು ಬರೋದು ಆ ಒಂದು ದಿನಕ್ಕೆ. ಅಲ್ಲಿ ಈ ಗಾಜು ಹಾಕಿ ಹತ್ತು ಸೆಕೆಂಡು ತೆರೆದಿಟ್ಟರೆ ಏನು ಬರುತ್ತೆ ಹೇಳಿ? ಗುಡಿ ಬರುತ್ತೆ, ಸಗಣಿ ರಾಶಿ ಬರುತ್ತೆ. ಹಬ್ಬ ಬರಲ್ಲ.

ಇದಕ್ಕೆ ಗಾಜಿನ ಪಕ್ಷದವರು ಮೂರು ಮಾತು ಆಡ್ತಾರೆ. ಮೂರಕ್ಕೂ ಉತ್ತರ ಹೇಳ್ತೀನಿ.

ಮೊದಲನೇದು, "ನಿಮ್ಮ ಹಾಡುಗಳಲ್ಲೇ ಹೊಳೆಯನ್ನು ಹಾಲು ಅಂತೀರಲ್ಲ ತಾತ, ನಾವು ಹಾಲು ಮಾಡಿದರೆ ತಪ್ಪೇನು?" ಅಂತಾರೆ. ಅಪ್ಪಾಜಿ, ಹಾಡಿನಲ್ಲಿ 'ಹಾಲಿನಂತೆ' ಅಂತೀವಿ. ಆ 'ಅಂತೆ' ಅನ್ನೋ ಮಾತು ಕೇಳೋರಿಗೆ ದಾರಿ ಬಿಡುತ್ತೆ. ಅದು ನೀರು ಅಂತ ಅವರಿಗೂ ಗೊತ್ತು, ಹಾಲಿಗೆ ಹೋಲಿಸಿದ್ದು ಅಂತಲೂ ಗೊತ್ತು. ನಿಮ್ಮ ಫೋಟೊದಲ್ಲಿ ಆ 'ಅಂತೆ' ಎಲ್ಲಿದೆ? ಫೋಟೊ ಅಂದರೆ ಕಣ್ಣಾರೆ ಕಂಡ ಸಾಕ್ಷಿ ಅಂತ ಜನ ನಂಬ್ತಾರೆ. ಪದಗಾರನ ಮಾತನ್ನು ಯಾರೂ ಪಂಚಾಯ್ತಿಗೆ ಸಾಕ್ಷಿ ತಗೊಂಡು ಹೋಗಲ್ಲ, ಫೋಟೊ ತಗೊಂಡು ಹೋಗ್ತಾರೆ. ಕೆಲವರು ಹೊಗೇನಕಲ್ ಹೆಸರನ್ನೇ ತೋರಿಸ್ತಾರೆ, ಹೊಗೆಯ ಕಲ್ಲು ಅಂತ ಹಿರಿಯರೇ ಕರೆದರಲ್ಲ ಅಂತ. ನಿಜ. ನೀರು ಬಂಡೆಗೆ ಅಪ್ಪಳಿಸಿ ಎದ್ದ ತುಂತುರನ್ನು ಹಿರಿಯರು ಹೊಗೆ ಅಂದರು. ಬೀಳೋ ಹೊಳೆಯನ್ನು ಹೊಗೆ ಅನ್ನಲಿಲ್ಲ. ಅಷ್ಟು ರಭಸದಿಂದ ಬಿದ್ದದ್ದಕ್ಕೆ ತಾನೇ ಹೊಗೆ ಎದ್ದದ್ದು? ನಿಮ್ಮ ಚಿತ್ರದಲ್ಲಿ ರಭಸ ಹೋಗಿ ಹೊಗೆ ಮಾತ್ರ ಉಳಿದಿದೆ.

ಎರಡನೇದು ಸ್ವಲ್ಪ ಗಟ್ಟಿ ಮಾತು. "1/1000 ಸೆಕೆಂಡಿನಲ್ಲಿ ತೆಗೆದರೆ ನೀರ ಹನಿ ಗಾಜಿನ ಮಣಿ ತರ ನಿಂತುಬಿಡುತ್ತೆ. ಅದೂ ಕಣ್ಣಿಗೆ ಕಾಣದ್ದೇ. ಅದು ನಿಜ, ಇದು ಸುಳ್ಳು ಹೆಂಗೆ?" ಅಂತ ಒಬ್ಬ ಕಾಲೇಜು ಹುಡುಗ ಕೇಳಿದ. ಒಪ್ಪಿದೆ. ನೀರನ್ನು ಮಣಿ ಮಾಡೋದೂ ಅತಿ, ಹೊಗೆ ಮಾಡೋದೂ ಅತಿ. ಹಾಡಿನಲ್ಲೂ ಹೀಗೇ. ಪದವನ್ನು ತುಂಡು ತುಂಡಾಗಿ ಹೇಳಿದರೆ ಅದು ಮಗ್ಗಿ ಒಪ್ಪಿಸಿದ ಹಾಗೆ. ಎಳೆದರೆ ರಾಗ ಬರುತ್ತೆ. ಎಳೆದು ಎಳೆದು ಯಾವ ಪದ ಅಂತಲೇ ತಿಳಿಯದ ಹಾಗಾದರೆ ಅದನ್ನ ಹಾಡು ಅನ್ನಲ್ಲ, ಊಳು ಅಂತಾರೆ. ಎಷ್ಟು ಎಳೆದರೆ ರಾಗವೂ ಇರುತ್ತೆ, ಪದವೂ ಕೇಳುತ್ತೆ ಅನ್ನೋದನ್ನ ಕಲಿಯೋದೇ ಪದಗಾರನ ವಿದ್ಯೆ. ನೀರಿನ ಚಿತ್ರಕ್ಕೂ ಆ ಅಳತೆ ಇದೆ. ಕಾಲು ಸೆಕೆಂಡು, ಅರ್ಧ ಸೆಕೆಂಡು ತೆರೆದರೆ ನೀರಿನ ಎಳೆ ಎಳೆ ಕಾಣುತ್ತೆ, ಯಾವ ಕಡೆಯಿಂದ ಬಂತು, ಎಲ್ಲಿ ತಿರುಗಿತು ಅಂತ ಗೊತ್ತಾಗುತ್ತೆ. ಅಷ್ಟಕ್ಕೆ ಸಣ್ಣ ಗಾಜು ಸಾಕು. ಹೊತ್ತಾರೆ ನೆರಳಿನಲ್ಲಿ ಹೋದರೆ ಗಾಜೂ ಬೇಡ.

ಮೂರನೇದು, "ಇದರಿಂದ ನಮ್ಮ ಸೀಮೆಗೆ ಜನ ಬರ್ತಾರೆ, ನಾಲ್ಕು ಕಾಸು ಬರುತ್ತೆ" ಅನ್ನೋದು. ಜನ ಬರಲಿ, ಬೇಡ ಅಂದೋರು ಯಾರು? ಆದರೆ ಏನು ನೋಡಲು ಬರ್ತಾರೆ? ಜನವಿಲ್ಲದ ಜಾಗ ನೋಡಲು ಬರ್ತಾರೆ. ಬಂದು ನಮ್ಮನ್ನು ಕಂಡರೆ ಅವರಿಗೆ ಅಡ್ಡ ಬಂದಂಗೆ. "ತಾತ, ವಸಿ ಅತ್ತಗೆ ಸರ್ಕಳಿ, ಫ್ರೇಮಲ್ಲಿ ಬತ್ತಿದ್ದರಿ" ಅಂತ ನನ್ನ ಹೊಲದ ಬದುವಿನ ಮೇಲೆ ನಿಂತು ನನಗೇ ಹೇಳಿದ್ದಾರೆ. ಇನ್ನೊಂದು ಸಲ ಬಂದವರಿಗೆ ನಾನು ಚಿತ್ರದಲ್ಲಿ ಬೇಕಿತ್ತು, ಅದೂ ಹೊಗೆಯಂಥ ನೀರಿನ ಮುಂದೆ. "ಅಲ್ಲಾಡ್‌ಬ್ಯಾಡಿ, ಅತ್ತು ಸೆಕೆಂಡು ಅಂಗೇ ನಿಂತ್ಕಳಿ" ಅಂದರು. ಕಂಸಾಳೆ ಎತ್ತಿ ಹಿಡಿದು ಉಸಿರು ಕಟ್ಟಿ ಕಲ್ಲಿನ ಹಾಗೆ ನಿಲ್ಲಬೇಕಂತೆ. ಕಂಸಾಳೆ ಇರೋದು ಬಡಿಯೋದಕ್ಕೆ. ಅದನ್ನ ಹಿಡಿದು ಕಲ್ಲಾಗಿ ನಿಂತ ಮುದುಕನ ಚಿತ್ರ ಯಾರಿಗೆ ಏನು ಹೇಳುತ್ತೆ?

ಇಲ್ಲಿಗೆ ನಿಂತಿದ್ದರೆ ಇದು ರುಚಿಯ ಜಗಳ, ಅವರವರ ಇಷ್ಟ ಅಂತ ನಾನೂ ಸುಮ್ಮನಾಗ್ತಿದ್ದೆ. ಆದರೆ ಈ ಗಾಜು ನಮ್ಮ ಹೊಟ್ಟೆಯ ಮೇಲೂ ಹೊಡೆದಿದೆ.

ನಮ್ಮ ಕಡೆಯ ಒಂದು ಹಳ್ಳಕ್ಕೆ ಹಳೇ ತಡೆಗಟ್ಟೆ ಇದೆ. ಹೂಳು ತುಂಬಿ ಬೇಸಿಗೆ ಬರುವ ಮೊದಲೇ ನೀರು ಬೆರಳು ದಪ್ಪದ ಎಳೆಯಾಗಿಬಿಡುತ್ತೆ. ಹೂಳು ತೆಗೆಸಿ ಅಂತ ಅರ್ಜಿ ಕೊಡೋದು ಅಂತಾಯ್ತು. ಅರ್ಜಿ ಜೊತೆ ಫೋಟೊ ಇರಲಿ ಅಂತ ಒಬ್ಬ ಉತ್ಸಾಹದ ಹುಡುಗನಿಗೆ ಹೇಳಿದರು. ಅವನು ಸ್ಟ್ಯಾಂಡು ಹಾಕಿ, ಕಪ್ಪು ಗಾಜು ಹಾಕಿ, ಚೆಂದಾಗಿ ತೆಗೆದ. ಕಟ್ಟೆಯ ಮೇಲೆ ಗಾಳಿಗೆ ಅತ್ತ ಇತ್ತ ಆಡುತ್ತಿದ್ದ ನಾಲ್ಕು ಎಳೆ ನೀರು ಅಷ್ಟು ಸೆಕೆಂಡಿನಲ್ಲಿ ಹರಡಿಕೊಂಡು ಅಗಲವಾದ ಬಿಳೀ ಪರದೆಯಾಯ್ತು. ಚಿತ್ರ ನೋಡಿದ ಕಚೇರಿಯವರು ನಗುತ್ತಾ ತಮಿಳಿನಲ್ಲಿ ಕೇಳಿದರು, ನೀರು ಧಾರಾಳ ಇದೆಯಲ್ಲ, ಇನ್ನೇನು ತೊಂದರೆ ಅಂತ. ಅರ್ಜಿ ಕಟ್ಟಿನ ಕೆಳಗೆ ಹೋಯ್ತು. ಆ ಹುಡುಗ ಸುಳ್ಳು ಹೇಳಲು ಹೋದವನಲ್ಲ. ಚೆಂದದ ಫೋಟೊ ಅಂದರೆ ಹಾಗಿರಬೇಕು ಅಂತ ಅವನಿಗೆ ಕಲಿಸಿದವರು ಯಾರೋ, ಅವರ ಮೇಲೆ ನನಗೆ ಸಿಟ್ಟು.

ಯಾಕೆ ಇಷ್ಟು ಸಿಟ್ಟು ಅಂದರೆ, ನಮ್ಮ ಪರಿಸ್ಥಿತಿ ಬೇರೆ. 1956ರಲ್ಲಿ ರಾಜ್ಯಗಳು ಹಂಚಿಕೆಯಾದಾಗ ಕೊಳ್ಳೇಗಾಲ ಮೈಸೂರಿನ ಕಡೆಗೆ ಹೋಯ್ತು, ನಾವು ಇತ್ತಲೇ ಉಳಿದೆವು. ನೆಲ ಅದೇ, ದೇವರು ಅದೇ, ಮಾತು ಅದೇ. ಅರ್ಜಿಯ ಭಾಷೆ ಮಾತ್ರ ಬೇರೆ. ನನ್ನಂತೆ ಕನ್ನಡ ಶಾಲೆಯಲ್ಲಿ ಓದಿದ ಹಳಬರಿಗೆ ತಮಿಳು ಆಡೋಕೆ ಬರುತ್ತೆ, ಬರೆಯೋಕೆ ಬರಲ್ಲ. ಇನ್ನೊಬ್ಬರು ಬರೆದುಕೊಟ್ಟ ಕಾಗದಕ್ಕೆ ಕನ್ನಡದಲ್ಲಿ ರುಜು ಹಾಕ್ತೀವಿ. ಆ ಕಾಗದದ ಕಟ್ಟಿನಲ್ಲಿ ಯಾರ ಸಹಾಯವೂ ಇಲ್ಲದೆ ನಮ್ಮ ಪರವಾಗಿ ಮಾತಾಡೋದು ಒಂದೇ ಒಂದು, ಅದು ಫೋಟೊ. ಅದೂ ನಮ್ಮ ವಿರುದ್ಧ ಸಾಕ್ಷಿ ಹೇಳಿದರೆ ನಾವು ಎಲ್ಲಿಗೆ ಹೋಗಬೇಕು?

ಅದೇ ಮಾತು ಕಾಡಿಗೂ ಸಲ್ಲುತ್ತೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯ್ತು. ಹುಲಿ ಇರಲಿ. ಆದರೆ ಆ ಕಾಡಿನ ಒಳಗೂ ಅಂಚಿನಲ್ಲೂ ಸೋಲಿಗರಿದ್ದಾರೆ, ಊರಾಳಿಗಳಿದ್ದಾರೆ, ರಾಗಿ ಅರಿಶಿನ ಎಲೆಕೋಸು ಬೆಳೆಯುವ ನಾವಿದ್ದೇವೆ. ಮಂಜು, ಬೆಟ್ಟ, ಹೊಗೆಯಂಥ ಹಳ್ಳ ಇಷ್ಟೇ ಇರುವ ಚಿತ್ರವನ್ನು ನೂರು ಸಲ ನೋಡಿದವನಿಗೆ ಇಲ್ಲಿ ಯಾರೂ ಇಲ್ಲ ಅನ್ನಿಸೋದು ಸಹಜ. ಅವನು ನಾಳೆ ಅಧಿಕಾರಿಯಾಗಿ ಬಂದರೆ ಅದೇ ಕಣ್ಣಿನಲ್ಲಿ ನಮ್ಮನ್ನು ನೋಡ್ತಾನೆ.

ಹಾಗಂತ ಗಾಜನ್ನು ಹಳ್ಳಕ್ಕೆ ಎಸೆಯಿರಿ ಅಂತ ನಾನು ಹೇಳ್ತಿಲ್ಲ. ಕುಡುಗೋಲಿನಲ್ಲಿ ಕೈ ಕುಯ್ದುಕೊಂಡರು ಅಂತ ಕುಡುಗೋಲನ್ನೇ ಬಿಡಲಾಗುತ್ತಾ? ಈ ಗಾಜಿನಿಂದ ನಮಗೇ ಆಗಬೇಕಾದ ಕೆಲಸ ಇದೆ.

ವಿಡಿಯೊ ತೆಗೆಯುವವರು ಸೆಕೆಂಡಿಗೆ 25 ಚಿತ್ರ ಹಿಡಿಯುವಾಗ ಒಂದೊಂದಕ್ಕೂ 1/50 ಸೆಕೆಂಡು ಶಟರ್ ಇಟ್ಟರೆ ಕುಣಿತ ಕಣ್ಣಿಗೆ ಸಹಜವಾಗಿ ಕಾಣುತ್ತೆ. ನಮ್ಮ ಜಾತ್ರೆ ಕುಣಿತವೆಲ್ಲ ನಡುಹಗಲಿನಲ್ಲಿ. ಹಾಡುವವನ ಮುಖ ಎದ್ದು ಕಾಣಲಿ ಅಂತ ಕಿಂಡಿಯನ್ನು 2.8ಕ್ಕೆ ದೊಡ್ಡದು ಮಾಡಿದರೆ ಆ ಬಿಸಿಲಿಗೆ 1/3200 ಸೆಕೆಂಡೇ ಸಾಕಾಗುತ್ತೆ. ಅಷ್ಟು ಚುರುಕಾಗಿ ಹಿಡಿದರೆ ಕಂಸಾಳೆಯವನ ಕೈ ಬೊಂಬೆಯ ಕೈ ಹಾಗೆ ತಟಕ್ಕು ತಟಕ್ಕು ಅಂತ ಹೋಗುತ್ತೆ, ಕುಣಿತದ ಜೀವವೇ ಹೋಗುತ್ತೆ. ಅಲ್ಲಿ ಎನ್.ಡಿ. 64 ಹಾಕಿದರೆ ಲೆಕ್ಕ ಸರಿಯಾಗಿ 1/50ಕ್ಕೆ ಬಂದು ಕೂರುತ್ತೆ. ಗಾಜು ಅಲ್ಲಿ ಕುಣಿಯೋನನ್ನು ಅಳಿಸಲ್ಲ, ಉಳಿಸುತ್ತೆ. ನಮ್ಮ ಹಾಡು ಕುಣಿತಗಳನ್ನು ಮುಂದಿನವರಿಗೆ ಹಿಡಿದಿಡಬೇಕು ಅನ್ನೋರು ಈ ಗಾಜು ಒಂದು ತಂದಿಟ್ಟುಕೊಳ್ಳಲಿ.

ನಿಂತ ಚಿತ್ರಕ್ಕೂ ಹಾಗೇ. ಕಾಲು ಊರಿ ನಿಂತು ಬಡಿಯುವ ಕಂಸಾಳೆಯವನನ್ನು ಬಿಸಿಲಿನಲ್ಲಿ 16ನೇ ಕಿಂಡಿ, ಎನ್.ಡಿ. 8 ಹಾಕಿ ಸುಮಾರು 1/12 ಸೆಕೆಂಡಿನಲ್ಲಿ ತೆಗೆದು ನೋಡಿ. ಎಡಗೈಯ ಬಟ್ಟಲು ನಿಂತಿರುತ್ತೆ, ಬಲಗೈಯ ತಟ್ಟೆಯೂ ಕುಚ್ಚೂ ಗಾಳಿಯಲ್ಲಿ ಬಳೆ ಬರೆದಂಗೆ ಬರುತ್ತೆ, ಮುಖ ಗುರುತು ಸಿಗುತ್ತೆ. ಯಾರು ಬಡಿದದ್ದು ಅಂತಲೂ ಗೊತ್ತು, ಹೇಗೆ ಬಡಿದದ್ದು ಅಂತಲೂ ಗೊತ್ತು. ಅರಿಶಿನ ಬಡಿಯೋರನ್ನು, ರಾಗಿ ತೂರೋ ಹೆಂಗಸರನ್ನು ಹೀಗೆ ತೆಗೆಯಬಹುದು. ತೂರಿದ ಹೊಟ್ಟು ಗಾಳಿಯಲ್ಲಿ ಎಳೆಯಾಗಲಿ, ಮೊರ ಹಿಡಿದ ಅಕ್ಕನ ಮುಖ ಮಾತ್ರ ಅಳಿಯದಿರಲಿ.

ಕಡೆಯದಾಗಿ ಯಾರು ಏನು ಮಾಡಬೇಕು ಅಂತ ಹೇಳಿಬಿಡ್ತೀನಿ, ಬೈದು ಎದ್ದುಹೋದ ಅನ್ನಿಸಿಕೊಳ್ಳಬಾರದು.

ನಮ್ಮ ವಾಚನಾಲಯದ ಗೋಡೆಗೆ ಇಂಥ ಚಿತ್ರ ಯಾರಾದರೂ ಕೊಟ್ಟರೆ ತಗೊಳ್ಳಿ. ಆದರೆ ಕೆಳಗೆ ಬರೆಯಿರಿ, ಎಷ್ಟು ನಂಬರಿನ ಗಾಜು, ಎಷ್ಟು ಸೆಕೆಂಡು, ಯಾವ ತಿಂಗಳು ಅಂತ. ಅದೇ ಆ ಚಿತ್ರದ 'ಅಂತೆ'. ಅದರ ಪಕ್ಕದಲ್ಲೇ ಅದೇ ಜಾಗದಲ್ಲಿ ದುಡಿಯೋರ ಚಿತ್ರ ಒಂದನ್ನು ತೂಗುಹಾಕಿ.

ಅರ್ಜಿ ಜೊತೆ ಕೊಡುವ ಯಾವ ಫೋಟೊಗೂ ಈ ಗಾಜು ಬೇಡ. ಫೋನಿನಲ್ಲಿ ತೆಗೆದರೆ ಸಾಕು. ಆದರೆ ಹುಷಾರು, ಕೆಲವು ಫೋನುಗಳೇ ಹತ್ತಾರು ಚಿತ್ರ ಸೇರಿಸಿ ನೀರನ್ನು ಹಾಲು ಮಾಡಿಕೊಡ್ತವೆ, ಅದನ್ನು ಆರಿಸಿ. ನೀರಿನ ಪಕ್ಕ ಒಬ್ಬರು ಅಳತೆಕೋಲು ಹಿಡಿದು ನಿಲ್ಲಿ. ಎಷ್ಟು ನೀರು ಅಂತ ಯಾರು ಬೇಕಾದರೂ ಓದಬಹುದು, ಅದಕ್ಕೆ ತಮಿಳೂ ಬೇಡ ಕನ್ನಡವೂ ಬೇಡ.

ಮೇಷ್ಟ್ರುಗಳಲ್ಲಿ ಕೇಳಿಕೊಳ್ಳೋದು, ಮಕ್ಕಳಿಗೆ ಒಂದೇ ಹಳ್ಳದ ಎರಡು ಚಿತ್ರ ತೋರಿಸಿ. ಒಂದು ಸಣ್ಣ ಹೊತ್ತಿನದು, ಒಂದು ದೊಡ್ಡ ಹೊತ್ತಿನದು. ಯಾವುದರಲ್ಲಿ ನೀರು ಹೆಚ್ಚು ಅಂತ ಕೇಳಿ. ತಪ್ಪು ಹೇಳ್ತಾರೆ, ಹೇಳಲಿ. ಆಮೇಲೆ ಹಳ್ಳಕ್ಕೇ ಕರೆದುಕೊಂಡು ಹೋಗಿ ಚೊಂಬು ಹಿಡಿದು ಅಳೆಸಿ. ಫೋಟೊ ನೋಡೋದೂ ಒಂದು ಓದು. ಆ ಓದು ಬರದಿದ್ದರೆ ಮುಂದೆ ಎಷ್ಟೋ ಕಡೆ ಮೋಸ ಹೋಗಬೇಕಾಗುತ್ತೆ.

ಕ್ಯಾಮೆರಾ ಹಿಡಿದ ಹುಡುಗರಿಗೆ ಒಂದೇ ಮಾತು. ಹೊಳೆ ಹತ್ತಿರ ಹೋದಾಗ ಜನ ಸರಿಯಲಿ ಅಂತ ಕಾಯಬೇಡಿ, ಬರಲಿ ಅಂತ ಕಾಯಿರಿ. ಬಟ್ಟೆ ಒಗೆಯೋರು ಬರ್ತಾರೆ, ದನ ತೊಳೆಯೋರು ಬರ್ತಾರೆ, ಹರಿಗೋಲಿನವನು ಒಂದು ಸುತ್ತು ಮುಗಿಸಿ ತಿರುಗಿ ಬರ್ತಾನೆ. ಗಾಜು ಚೀಲದಲ್ಲಿರಲಿ. ಅವರ ಹೆಸರು ಕೇಳಿ ಬರೆದುಕೊಂಡು, ಆಮೇಲೆ ಒತ್ತಿ ಬಟನ್ನು.